ಯಂತ್ರಕ್ಕೆ ಬಿಟ್ಟುಕೊಡಬಾರದ ಶ್ರಮ



ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ ತಿಂಗಳಲ್ಲಿ ಮದ್ರಾಸಿನ ಕಂದಾಯ ಮಂಡಳಿಗೆ ಒಂದು ವರದಿ ಕಳಿಸಿದರು. ಜಿಲ್ಲೆಯಲ್ಲಿ ಶಾಲೆಗಳೆಷ್ಟು, ಓದುವವರು ಯಾರು, ಕಲಿಸುವುದೇನು ಎಂದು ಗವರ್ನರ್ ಥಾಮಸ್ ಮನ್ರೊ ಹಿಂದಿನ ವರ್ಷ ಎಲ್ಲ ಜಿಲ್ಲೆಗಳಿಂದ ವಿವರ ಕೇಳಿದ್ದರು. ಅದಕ್ಕೆ ಕೊಟ್ಟ ಉತ್ತರ ಅದು. ಆ ದೊಡ್ಡ ಜಿಲ್ಲೆಯಲ್ಲಿ 533 ಶಾಲೆಗಳಿದ್ದವು, 6,641 ಮಕ್ಕಳು ಓದುತ್ತಿದ್ದರು, ಅವರಲ್ಲಿ ಹುಡುಗಿಯರು ಬರೀ 60. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಆಮೇಲೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿದ ಹಲಗೆ. ಇಲ್ಲವೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಿಸಿ, ಇದ್ದಿಲು ಮತ್ತು ಅಂಟಿನ ಲೇಪ ಕೊಟ್ಟ ಬಟ್ಟೆಯ ಕಡತ. ಬರೆಯಲು ಬಳಪ, ಅಳಿಸಲು ಒದ್ದೆ ಬಟ್ಟೆ. ಆ ಕಾಲದ ಶಾಲೆಯ ತಂತ್ರಜ್ಞಾನ ಬಹುಮಟ್ಟಿಗೆ ಇಷ್ಟೇ. ಈ ಶಾಲೆಗಳ ಬಗ್ಗೆ ಕ್ಯಾಂಬೆಲ್ ಎರಡು ಮಾತು ಹೇಳಿದ್ದಾರೆ. ಮುಂದೆ ಹೋದ ಹುಡುಗರು ಹಿಂದಿನವರಿಗೆ ಕಲಿಸುವ, ಹಾಗೆ ಕಲಿಸುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿ ಮಾಡಿಕೊಳ್ಳುವ ಪದ್ಧತಿಯನ್ನು ಅವರು ಮನಸಾರೆ ಮೆಚ್ಚಿದರು. ಆದರೆ ಮಕ್ಕಳು ಆಡುಮಾತಿಗೆ ದೂರವಾದ ಹಳೆಯ ಕಾವ್ಯಭಾಷೆಯ ಪದ್ಯಗಳನ್ನು ಅರ್ಥ ತಿಳಿಯದೆ ಉರುಹೊಡೆಯುವುದನ್ನು ಕಂಡು ಬೇಸರಪಟ್ಟರು. ಒಂದೇ ಶಾಲೆ, ಅದೇ ಹಲಗೆ, ಅದೇ ಬಳಪ. ಅಲ್ಲೇ ಒಂದು ಶ್ರಮ ಮಗುವಿನೊಳಗೆ ವಿದ್ಯೆಯಾಗುತ್ತಿತ್ತು, ಇನ್ನೊಂದು ಶ್ರಮ ಬರಿದೇ ಸೋರಿ ಹೋಗುತ್ತಿತ್ತು.

ಇಂದು ನಾನು ಹೇಳಬೇಕೆಂದಿರುವುದು ಈ ಎರಡು ಬಗೆಯ ಶ್ರಮಗಳ ವ್ಯತ್ಯಾಸವನ್ನು ಕುರಿತೇ. ತಂತ್ರಜ್ಞಾನ ಎಂದರೆ ಶ್ರಮವನ್ನು ಕಡಿಮೆ ಮಾಡುವ ಉಪಾಯ. ಹಾಗಾಗಿ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಕೇಳುವುದಕ್ಕಿಂತ, ಅದು ಯಾವ ಶ್ರಮವನ್ನು ನಮ್ಮಿಂದ ತೆಗೆದುಕೊಳ್ಳುತ್ತಿದೆ ಎಂದು ಕೇಳುವುದು ಮೇಲು. ಊರಿಗೆ ಹಿಟ್ಟಿನ ಗಿರಣಿ ಬಂದಾಗ ಹೆಂಗಸರ ರಟ್ಟೆಗಳಿಗೆ ಬಿಡುವು ಸಿಕ್ಕಿತು. ಬೀಸುವ ಪದಗಳು ಕಡಿಮೆಯಾದದ್ದು ನಿಜವಾದ ನಷ್ಟ. ಆದರೆ ಆ ನಷ್ಟವನ್ನು ತುಂಬಲು ಅವರು ಮತ್ತೆ ಬೀಸುಕಲ್ಲಿನ ಮುಂದೆ ಕೂರಲಿ ಎನ್ನುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಬೇಕಾಗಿದ್ದದ್ದು ಹಿಟ್ಟು, ಅದನ್ನು ಯಾರು ಬೀಸಿದರೂ ರೊಟ್ಟಿ ಆಗುತ್ತದೆ. ಕಲಿಕೆಯ ಲೆಕ್ಕ ಹೀಗಲ್ಲ. ಒಂಬತ್ತನೇ ತರಗತಿಯ ಹುಡುಗಿ ಬರೆದ ಪ್ರಬಂಧ ಜಗತ್ತಿಗೆ ಬೇಕಾಗಿಲ್ಲ, ಅವಳು ಬಿಡಿಸಿದ ಸಮೀಕರಣದ ಉತ್ತರಕ್ಕಾಗಿ ಯಾರೂ ಕಾದಿಲ್ಲ. ಪ್ರಬಂಧ ಬರೆಯುವಾಗ, ಸಮೀಕರಣದಲ್ಲಿ ತಪ್ಪಿ ಮತ್ತೆ ತಿದ್ದಿಕೊಳ್ಳುವಾಗ ಅವಳಲ್ಲಿ ಆಗುವ ಬದಲಾವಣೆಗಾಗಿಯೇ ಶಾಲೆ ಇದೆ. ಫಲ ಹೊರಗಿರುವ ಶ್ರಮವನ್ನು ಯಂತ್ರಕ್ಕೆ ಧಾರಾಳವಾಗಿ ಕೊಡಬಹುದು. ಫಲ ಮಾಡುವವರ ಒಳಗೇ ಇರುವ ಶ್ರಮವನ್ನು ಕೊಟ್ಟರೆ ಕೈಯಲ್ಲಿ ಉಳಿಯುವುದು ಕಾಗದ ಮಾತ್ರ.

ಶ್ರಮದ ಫಲ ಒಳಗೆ ಸೇರುತ್ತದೆ ಎಂಬುದು ಹಿರಿಯರ ಬುದ್ಧಿಮಾತಷ್ಟೇ ಅಲ್ಲ, ಅಳೆದು ನೋಡಿರುವ ಸಂಗತಿ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕ್ ಎಂಬ ಅಮೆರಿಕದ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ವಿದ್ಯಾರ್ಥಿಗಳು ಒಂದು ಪಾಠವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಒಮ್ಮೆ ಓದಿ, ಪಾಠ ಬದಿಗಿಟ್ಟು, ನೆನಪಿಗೆ ಬಂದದ್ದನ್ನು ಬರೆಯುತ್ತ ಹೋದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಮರುಓದಿದವರೇ ಮುಂದಿದ್ದರು. ಒಂದು ವಾರದ ನಂತರ ನೆನಪಿನಿಂದ ಬರೆದವರು ಅವರನ್ನು ಬಹಳ ಹಿಂದೆ ಹಾಕಿದರು. ಆದರೂ ಪಾಠ ಚೆನ್ನಾಗಿ ಬಂದಿದೆ ಎಂಬ ವಿಶ್ವಾಸ ಹೆಚ್ಚಾಗಿ ಇದ್ದದ್ದು ಮರುಓದಿದವರಿಗೇ. ಸರಾಗವಾಗಿ ಸಾಗಿದ್ದೆಲ್ಲ ಕಲಿತಂತೆ ತೋರುತ್ತದೆ. ತಡವರಿಸಿದ್ದು ಕಲಿಯದಂತೆ ತೋರುತ್ತದೆ. ಎರಡೂ ಭ್ರಮೆಯೇ. ಲಂಡನ್ನಿನ ಟ್ಯಾಕ್ಸಿ ಚಾಲಕರ ಅಧ್ಯಯನ ಇದೇ ಮಾತನ್ನು ದಿನನಿತ್ಯದ ಬದುಕಿನಿಂದ ಹೇಳುತ್ತದೆ. ಅಲ್ಲಿ ಪರವಾನಗಿ ಬೇಕಾದರೆ ಸಾವಿರಾರು ಬೀದಿಗಳ ನಕ್ಷೆಯನ್ನು ವರ್ಷಗಟ್ಟಲೆ ತಿರುಗಿ ತಲೆಗೆ ಹಾಕಿಕೊಳ್ಳಬೇಕು. ಎಲಿನಾರ್ ಮಗ್ವಯರ್ ಮತ್ತು ಅವರ ಜೊತೆಗಾರರು ಆ ತರಬೇತಿಗೆ ಸೇರಿದವರನ್ನು ಮೊದಲಿನಿಂದ ಕೊನೆಯವರೆಗೂ ಹಿಂಬಾಲಿಸಿ 2011ರಲ್ಲಿ ವರದಿ ಮಾಡಿದರು: ಕಲಿತು ಪಾಸಾದವರ ಮಿದುಳಿನಲ್ಲಿ ದಾರಿಯ ನೆನಪಿಗೆ ಸಂಬಂಧಿಸಿದ ಭಾಗ ಬೆಳೆದಿತ್ತು, ಪಾಸಾಗದವರಲ್ಲಿ ಹಾಗೆ ಆಗಿರಲಿಲ್ಲ. ಮೊಬೈಲಿನ ನಕ್ಷೆ ನೋಡಿಕೊಂಡು ಗುರಿ ಮುಟ್ಟುವುದರಲ್ಲಿ ತಪ್ಪೇನಿಲ್ಲ. ನಮಗೆ ಬೇಕಾದದ್ದು ಗುರಿ ಮುಟ್ಟುವುದೋ, ಊರನ್ನು ಅರಿಯುವುದೋ ಎಂಬುದು ಮೊದಲೇ ಸ್ಪಷ್ಟವಿರಬೇಕು, ಅಷ್ಟೇ.

ಇನ್ನು ಈಚಿನ ಯಂತ್ರಕ್ಕೆ ಬರೋಣ. ಕೇಳಿದ್ದಕ್ಕೆಲ್ಲ ವಾಕ್ಯ ರಚಿಸಿ ಉತ್ತರ ಕೊಡುವ ಕೃತಕ ಬುದ್ಧಿಮತ್ತೆ ಮಕ್ಕಳ ಕೈಗೆ ಸಿಕ್ಕರೆ ಏನಾಗುತ್ತದೆ? ತುರ್ಕಿಯ ಒಂದು ಪ್ರೌಢಶಾಲೆಯಲ್ಲಿ ಸುಮಾರು ಸಾವಿರ ವಿದ್ಯಾರ್ಥಿಗಳೊಂದಿಗೆ ಗಣಿತದ ತರಗತಿಗಳಲ್ಲಿ ಇದನ್ನು ಪರೀಕ್ಷಿಸಿದ್ದಾರೆ. ಒಂದು ಗುಂಪಿಗೆ ಪುಸ್ತಕ ಮತ್ತು ಟಿಪ್ಪಣಿ ಮಾತ್ರ. ಎರಡನೆಯದಕ್ಕೆ ಕೇಳಿದ್ದನ್ನು ಹೇಳಿಬಿಡುವ ಯಂತ್ರ. ಮೂರನೆಯದಕ್ಕೆ ಅಂಥದೇ ಯಂತ್ರ, ಆದರೆ ಉತ್ತರ ಕೊಡದೆ, ಶಿಕ್ಷಕರು ಸಿದ್ಧಪಡಿಸಿದ ಸುಳಿವುಗಳನ್ನು ಮಾತ್ರ ಕೊಡುವಂತೆ ಕಟ್ಟು ಹಾಕಿದ್ದು. ಅಭ್ಯಾಸದ ಲೆಕ್ಕಗಳಲ್ಲಿ ಎರಡನೆಯ ಗುಂಪು ಮೊದಲನೆಯದಕ್ಕಿಂತ ಶೇ. 48ರಷ್ಟು ಚೆನ್ನಾಗಿ ಮಾಡಿತು, ಮೂರನೆಯದು ಶೇ. 127ರಷ್ಟು. ಆಮೇಲೆ ಯಂತ್ರವನ್ನು ತೆಗೆದಿಟ್ಟು ಪರೀಕ್ಷೆ ಕೊಟ್ಟಾಗ, ಉತ್ತರ ಹೇಳುವ ಯಂತ್ರ ಬಳಸಿದ್ದ ಗುಂಪು ಬರೀ ಪುಸ್ತಕದಿಂದ ಅಭ್ಯಾಸ ಮಾಡಿದವರಿಗಿಂತ ಶೇ. 17ರಷ್ಟು ಕೆಳಗಿತ್ತು. ಸುಳಿವಿನ ಯಂತ್ರ ಬಳಸಿದವರು ಈ ಹಾನಿಯಿಂದ ಹೆಚ್ಚುಕಡಿಮೆ ಪಾರಾದರು, ಆದರೆ ಪುಸ್ತಕದವರನ್ನು ಮೀರಿಸಲಿಲ್ಲ. ನನ್ನನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಇನ್ನೊಂದು ವಿವರ: ಎರಡನೆಯ ಗುಂಪಿನ ಮಕ್ಕಳಿಗೆ ತಾವು ಕಡಿಮೆ ಕಲಿತಿದ್ದೇವೆ ಎಂಬುದು ತಿಳಿದಿರಲಿಲ್ಲ. ಸೋತವರಿಗೆ ಸೋಲು ತಿಳಿದರೆ ದಾರಿ ಇದೆ. ತಿಳಿಯದೆ ಹೋದರೆ ತಿದ್ದಿಕೊಳ್ಳುವುದಾದರೂ ಯಾವುದನ್ನು? ಒಂದು ದೇಶದ ಒಂದು ವಿಷಯದ ಅಧ್ಯಯನದಿಂದ ಎಲ್ಲವನ್ನೂ ತೀರ್ಮಾನಿಸಲಾಗದು, ಒಪ್ಪುತ್ತೇನೆ. ಆದರೆ 2006ರ ಪ್ರಯೋಗ ತೋರಿಸಿದ್ದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವಿರೋಧವಿಲ್ಲ ಎಂಬುದನ್ನು ಗಮನಿಸಬೇಕು.

ಈ ಮಾತಿಗೆ ಬರುವ ಮೊದಲ ಆಕ್ಷೇಪ ಬಹಳ ಹಳೆಯದು, ಬಲವಾದದ್ದೂ ಹೌದು. ಬರವಣಿಗೆಯಿಂದ ಜನರ ನೆನಪು ಕುಂದುತ್ತದೆ, ತಿಳಿಯದೆಯೂ ತಿಳಿದವರಂತೆ ಕಾಣುತ್ತಾರೆ ಎಂಬ ಆತಂಕವನ್ನು ಪ್ಲೇಟೊ ತನ್ನ ‘ಫೀಡ್ರಸ್’ ಸಂವಾದದಲ್ಲಿ ಸಾಕ್ರಟೀಸನ ಬಾಯಿಂದ ಹೇಳಿಸಿದ್ದಾನೆ. ಲೋಕ ಮುಳುಗಲಿಲ್ಲ. ಬರವಣಿಗೆಯೇ ಇಲ್ಲದಿದ್ದರೆ ಆ ಆತಂಕವೂ ನಮ್ಮವರೆಗೆ ಬರುತ್ತಿರಲಿಲ್ಲ. ಹಾಗಿರುವಾಗ ಇಂದಿನ ಭಯಕ್ಕೂ ಅದೇ ಗತಿ ಅಲ್ಲವೇ? ಅಲ್ಲ ಎಂದು ನಾನು ಹೇಳುವುದಕ್ಕೆ ಕಾರಣ ಇದೆ. ಬರವಣಿಗೆ ಕಂಠಪಾಠದ ಹೊರೆ ಇಳಿಸಿತು. ಅದರ ಜಾಗದಲ್ಲಿ ಇನ್ನೂ ದೊಡ್ಡದೊಂದು ಕೆಲಸವನ್ನು ನಮ್ಮ ತಲೆಯ ಮೇಲಿಟ್ಟಿತು. ಓದುಬರಹ ಕಲಿಯಲು ವರ್ಷಗಳು ಬೇಕು. ಬರೆದ ವಾಕ್ಯ ಕಣ್ಣೆದುರು ನಿಂತು, ಹಿಂದಿನ ವಾಕ್ಯಕ್ಕೆ ಹೊಂದುತ್ತದೆಯೇ ಎಂದು ಬರೆದವರನ್ನೇ ಕೇಳುತ್ತದೆ. ಹೇಳುವಾಗ ನುಸುಳಿ ಹೋಗುವ ವಿರೋಧಾಭಾಸ ಬರಹದಲ್ಲಿ ಸಿಕ್ಕಿಬೀಳುತ್ತದೆ. ಅಂದರೆ ಬರವಣಿಗೆ ನೆನಪಿನ ಒಂದು ಪಾಲನ್ನು ತೆಗೆದುಕೊಂಡು ವಿಚಾರಕ್ಕೆ ಹೊಸ ಕಸರತ್ತು ಕೊಟ್ಟಿತು. ಕ್ಯಾಲ್ಕುಲೇಟರ್ ಸಹ ಗುಣಾಕಾರವನ್ನು ತೆಗೆದುಕೊಂಡಿತೇ ಹೊರತು, ಯಾವುದನ್ನು ಯಾವುದರಿಂದ ಗುಣಿಸಬೇಕು ಎಂಬ ಯೋಚನೆಯನ್ನು ಬಳಸುವವರಿಗೇ ಬಿಟ್ಟಿತು. ಪ್ರಶ್ನೆಯನ್ನು ಇದ್ದಂತೆಯೇ ನಕಲು ಮಾಡಿ ಹಾಕಿದರೆ ವಾದ, ಉದಾಹರಣೆ, ಪ್ಯಾರಾಗಳ ಜೋಡಣೆ, ಮುಕ್ತಾಯ ಎಲ್ಲವನ್ನೂ ಒಟ್ಟಿಗೆ ಕೊಡುವ ಯಂತ್ರ ಮಗುವಿಗೆ ಯಾವ ಹೊಸ ಕೆಲಸವನ್ನು ಉಳಿಸಿದೆ? ಪರಿಶೀಲಿಸುವ ಕೆಲಸ ಎನ್ನುತ್ತಾರೆ. ಆದರೆ ಪರಿಶೀಲಿಸಲು ಆ ವಿಷಯ ಮೊದಲೇ ಗೊತ್ತಿರಬೇಕು. ಗೊತ್ತಾಗುವ ದಾರಿಯನ್ನೇ ಮುಚ್ಚಿ ಪರಿಶೀಲನೆಯನ್ನು ನಿರೀಕ್ಷಿಸುವುದು ಹೇಗೆ?

ಎರಡನೆಯ ಆಕ್ಷೇಪ ಸಾಮಾಜಿಕವಾದದ್ದು. ಶ್ರಮ, ತಪಸ್ಸು, ಗುರುಮುಖ ಎಂದು ಹೊಗಳಿದ ವಿದ್ಯೆ ಬಹುಪಾಲು ಜನರನ್ನು ಹೊಸ್ತಿಲಾಚೆ ನಿಲ್ಲಿಸಿತ್ತು. ಆ ಬಾಗಿಲು ತೆರೆಯುವುದರಲ್ಲಿ ಯಂತ್ರಗಳ ಪಾತ್ರ ದೊಡ್ಡದು. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಬಳ್ಳಾರಿಯ ಆ 60 ಹುಡುಗಿಯರ ಲೆಕ್ಕವೇ ಸಾಕು. ಬಾಸೆಲ್ ಮಿಷನ್ನಿನವರು 1841ರಲ್ಲಿ ಮಂಗಳೂರಿನಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟಿತು. ಅಚ್ಚಾದ ಹಾಳೆ ಕೊಂಡವರ ಜಾತಿ ಕೇಳುವುದಿಲ್ಲ. ಇಂದು ಕನ್ನಡ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಕಣ್ಣು ಕಾಣದ ವಿದ್ಯಾರ್ಥಿಗೆ, ಓದಿ ಹೇಳುವವರಿಗಾಗಿ ಕಾಯಬೇಕಾದ ಪರಾಧೀನತೆಯನ್ನು ತಪ್ಪಿಸಿದೆ. ಲೈಬ್ರರಿಯೇ ಇಲ್ಲದ ಊರಿನ ಹುಡುಗನಿಗೆ ಮೊಬೈಲಿನಲ್ಲಿ ಪುಸ್ತಕ ಸಿಗುತ್ತಿದೆ. ಆದರೆ ಇವೆಲ್ಲ ತೆಗೆದುಹಾಕಿದ್ದು ಕಲಿಕೆಗೆ ಅಡ್ಡವಾಗಿದ್ದ ಕಷ್ಟವನ್ನು, ಕಲಿಕೆಯೇ ಆಗಿರುವ ಕಷ್ಟವನ್ನಲ್ಲ. ತಂತ್ರಾಂಶ ಓದಿ ಹೇಳಿದ ಅಧ್ಯಾಯವನ್ನು ಅರ್ಥ ಮಾಡಿಕೊಳ್ಳುವುದು ಆ ವಿದ್ಯಾರ್ಥಿಯೇ. ಸಾಮಾಜಿಕ ನ್ಯಾಯದ ದೃಷ್ಟಿಯಿಂದ ನೋಡಿದರೆ ನನ್ನ ಭಯ ಇನ್ನೂ ಹೆಚ್ಚುತ್ತದೆ. ಉಳ್ಳವರ ಮಕ್ಕಳಿಗೆ ಯಂತ್ರದ ಜೊತೆಗೆ ಮಾತಾಡಿಸುವ ತಾಯ್ತಂದೆ, ತಿದ್ದುವ ಮೇಷ್ಟ್ರು, ಚರ್ಚೆಯ ತರಗತಿ ಇರುತ್ತವೆ. ಈಗಷ್ಟೇ ಮೊದಲ ಬಾರಿಗೆ ಶಾಲೆ ಮೆಟ್ಟಿಲು ಹತ್ತಿದ ಮನೆಯ ಮಗುವಿಗೆ ಯಂತ್ರ ಮಾತ್ರ ಸಿಕ್ಕರೆ, ಸಾಲು ಹಿಡಿದು ಕಾದ ಮೇಲೆ ಕೊನೆಗೂ ಅದಕ್ಕೆ ಬಂದದ್ದು ವಿದ್ಯೆಯ ಹೆಸರು ಮಾತ್ರ ಎಂದಾಗುತ್ತದೆ.

ಮೂರನೆಯ ಆಕ್ಷೇಪವನ್ನು ಹಳ್ಳಿಯ ಶಾಲೆಗಳನ್ನು ಬಲ್ಲವರು ಎತ್ತುತ್ತಾರೆ: ಮೇಷ್ಟ್ರೇ ಇಲ್ಲದ ಕಡೆ ಯಂತ್ರವಾದರೂ ಇರಲಿ. ಈ ಆಸೆ ನಮ್ಮಲ್ಲಿ ಐವತ್ತು ವರ್ಷ ಹಳೆಯದು. 1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ದೂರದರ್ಶನದ ಪಾಠ ಮುಟ್ಟಿಸಿದ ಪ್ರಯೋಗದಲ್ಲಿ ನಮ್ಮ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳೂ ಇದ್ದವು. 2004ರಲ್ಲಿ ಶಿಕ್ಷಣಕ್ಕಾಗಿಯೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯವೂ ಚಾಮರಾಜನಗರದ ಪ್ರಾಥಮಿಕ ಶಾಲೆಗಳೂ ಸೇರಿದ್ದವು. ಪಾಠವನ್ನು ತಲುಪಿಸುವುದು ಮಹತ್ವದ ಕೆಲಸ, ಅಂಥ ಎಂಜಿನಿಯರಿಂಗ್ ಸಾಧನೆಗೆ ಹೆಮ್ಮೆ ಪಡಬೇಕಾದ್ದೇ. ಆದರೆ ತಲುಪಿದ್ದೆಲ್ಲ ಕಲಿತದ್ದಾಗುವುದಿಲ್ಲ. ಪೆರು ದೇಶದ 318 ಹಳ್ಳಿ ಶಾಲೆಗಳಲ್ಲಿ ಮಗುವಿಗೊಂದು ಲ್ಯಾಪ್‌ಟಾಪ್ ಯೋಜನೆಯನ್ನು ಪರೀಕ್ಷಿಸಿದಾಗ, ಸುಮಾರು ಹದಿನೈದು ತಿಂಗಳ ನಂತರವೂ ಗಣಿತದಲ್ಲಾಗಲಿ ಭಾಷೆಯಲ್ಲಾಗಲಿ ಗಮನಿಸುವಂಥ ಪ್ರಗತಿ ಕಾಣಲಿಲ್ಲ. ಇದಕ್ಕೆ ಎದುರಾಗಿ ದೆಹಲಿಯ ಒಂದು ಪ್ರಯೋಗ ನಿಲ್ಲುತ್ತದೆ. ಕಾರ್ತಿಕ್ ಮುರಳೀಧರನ್ ಮತ್ತು ಇಬ್ಬರು ಸಹಲೇಖಕರು 2019ರಲ್ಲಿ ಪ್ರಕಟಿಸಿದ ಅದರಲ್ಲಿ, ಶಾಲೆಯ ನಂತರ ಕಂಪ್ಯೂಟರಿನ ಮುಂದೆ ಕೂತ ಬಡಮನೆಗಳ ಮಕ್ಕಳು ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲೂ ಹಿಂದಿಯಲ್ಲೂ ಗಣನೀಯವಾಗಿ ಮುಂದೆ ಬಂದರು. ಎರಡೂ ಕಡೆ ಯಂತ್ರವೇ; ಫಲ ಮಾತ್ರ ಬೇರೆ. ದೆಹಲಿಯ ತಂತ್ರಾಂಶ ಮಗು ಯಾವ ತರಗತಿಯಲ್ಲಿ ಕೂತಿದೆ ಎಂದು ನೋಡದೆ, ಅದಕ್ಕೆ ನಿಜವಾಗಿ ಎಷ್ಟು ಬರುತ್ತದೆ ಎಂದು ಕಂಡುಕೊಂಡು, ಅಲ್ಲಿಂದ ಪ್ರಶ್ನೆ ಕೇಳುತ್ತ ಹೋಗುತ್ತಿತ್ತು. ಆ ಮಕ್ಕಳೊಂದಿಗೆ ಚಿಕ್ಕ ಗುಂಪಿನಲ್ಲಿ ಕೂರುವ ಒಬ್ಬ ಬೋಧಕರೂ ಇದ್ದರು. ಯಂತ್ರ ಪ್ರಶ್ನೆ ಕೇಳಿತು, ಮಗು ಉತ್ತರಿಸಿತು. ಮಗು ಕೇಳಿ ಯಂತ್ರ ಉತ್ತರಿಸುವ ಏರ್ಪಾಟು ಇದರ ತಲೆಕೆಳಗು.

ಕರೆಂಟು ಬೇಡದ ಇಂಥದೇ ಒಂದು ಏರ್ಪಾಟು ನಮ್ಮ ನೆಲದಲ್ಲೇ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಕೆಲವು ಶಾಲೆಗಳಲ್ಲಿ ಆರಂಭವಾಗಿ, 2009-10ರಿಂದ ರಾಜ್ಯದ ಸರ್ಕಾರಿ ಶಾಲೆಗಳ ಕೆಳ ತರಗತಿಗಳಿಗೆ ಹರಡಿದ ನಲಿಕಲಿಯಲ್ಲಿ ಕಾರ್ಡುಗಳಿವೆ, ಮಗು ತಾನೆಲ್ಲಿದ್ದೇನೆಂದು ತಾನೇ ನೋಡಿಕೊಳ್ಳುವ ಕಲಿಕಾ ಏಣಿ ಇದೆ, ಜೊತೆಯ ಮಗುವಿನಿಂದ ಸಹಾಯ ಪಡೆಯುವ ಗುಂಪು ಇದೆ. ಜಾರಿಯಲ್ಲಿ ಅದು ಎಲ್ಲ ಕಡೆ ಒಂದೇ ಸಮ ನಡೆಯಲಿಲ್ಲ. ಏಣಿ ಗೋಡೆಯ ಅಲಂಕಾರವಾಗಿ ಉಳಿದ ಶಾಲೆಗಳೂ ಉಂಟು. ಆದರೂ ಅದರ ತಿಳಿವಳಿಕೆ ಸರಿಯಾದದ್ದು: ಮಗು ಇರುವ ಮೆಟ್ಟಿಲಿನಿಂದ ಹೊರಡಬೇಕು, ಮುಂದಿನ ಮೆಟ್ಟಿಲನ್ನು ಅದೇ ಹತ್ತಬೇಕು.

ಇಷ್ಟು ಹೇಳಿ ಯಂತ್ರವನ್ನೇ ಕಟಕಟೆಯಲ್ಲಿ ನಿಲ್ಲಿಸಿದರೆ ಅನ್ಯಾಯವಾದೀತು. ನಮ್ಮ ಶಾಲೆಗಳಲ್ಲಿ ಉತ್ತರದ ವ್ಯಾಪಾರ ಕೃತಕ ಬುದ್ಧಿಮತ್ತೆಗಿಂತ ಎಷ್ಟೋ ಮೊದಲೇ ಶುರುವಾಗಿತ್ತು. ಪಠ್ಯಪುಸ್ತಕಕ್ಕಿಂತ ಮುಂಚೆ ಗೈಡು ಮನೆಗೆ ಬರುತ್ತದೆ. ನೋಟ್ಸು ಹೇಳಿ ಬರೆಸುವುದೇ ಪಾಠ ಎಂದುಕೊಂಡ ತರಗತಿಗಳಿವೆ. ಪ್ರಾಜೆಕ್ಟ್ ಎಂದರೆ ಸೈಬರ್ ಅಂಗಡಿಯಲ್ಲಿ ಚಿತ್ರಗಳ ಪ್ರಿಂಟು ತೆಗೆಸಿ, ಬಣ್ಣದ ಹಾಳೆಗೆ ಅಂಟಿಸಿ, ಎರಡು ಅಂಕ ಪಡೆಯುವ ಕಲೆ ಎಂದಾಗಿ ಬಹಳ ಕಾಲವಾಯಿತು. ಯಾರು ಬರೆದರೂ ಒಂದೇ ಥರ ಇರಬೇಕಾದ ಉತ್ತರಕ್ಕೆ ಪೂರ್ಣ ಅಂಕ ಕೊಡುತ್ತ ಬಂದವರು ನಾವು. ಯಾರೂ ಬರೆಯದೆಯೇ ಬರುವ ಉತ್ತರ ಬಂದಾಗ ಬೆಚ್ಚಿಬೀಳುವುದು ತಡವಾದ ಎಚ್ಚರ. ಹಾಗಾಗಿ ಮಕ್ಕಳು ಮೋಸ ಮಾಡುತ್ತಿದ್ದಾರೆ ಎಂದು ಬೈಯುವುದರಲ್ಲಿ ನನಗೆ ಮನಸ್ಸಿಲ್ಲ. ‘ಅಸರ್’ ಸಮೀಕ್ಷೆಯ 2024ರ ವರದಿಯ ಪ್ರಕಾರ ಗ್ರಾಮೀಣ ಭಾರತದ 14ರಿಂದ 16 ವಯಸ್ಸಿನವರಲ್ಲಿ ಶೇ. 82ರಷ್ಟು ಮಕ್ಕಳಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗಾಗಿ ಬಳಸಿದವರು ಶೇ. 57, ಸಾಮಾಜಿಕ ಜಾಲತಾಣಗಳಿಗಾಗಿ ಬಳಸಿದವರು ಶೇ. 76. ಫೋನು ಅವರ ಕೈಯಲ್ಲಿದೆ, ಇರುತ್ತದೆ. ಅದನ್ನು ಕಿತ್ತುಕೊಳ್ಳುವುದರಿಂದ ನಮ್ಮ ಪ್ರಶ್ನೆಪತ್ರಿಕೆಗಳು ತಾವಾಗಿ ಉತ್ತಮಗೊಳ್ಳುವುದಿಲ್ಲ.

ನಾಳೆ ಉದ್ಯೋಗದಲ್ಲಿ ಹೇಗೂ ಈ ಯಂತ್ರಗಳನ್ನೇ ಬಳಸಬೇಕಲ್ಲ, ಶಾಲೆಯಲ್ಲಿ ಏಕೆ ತಡೆಯಬೇಕು ಎಂಬುದು ಇನ್ನೊಂದು ಮಾತು. ನುರಿತವರು ಬಳಸುವುದಕ್ಕೂ ನುರಿಯಬೇಕಾದವರು ಬಳಸುವುದಕ್ಕೂ ಅಂತರವಿದೆ. ನುರಿತವರಿಗೂ ಅಪಾಯ ತಪ್ಪಿದ್ದಲ್ಲ. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ಅನುಭವಿ ವೈದ್ಯರು ದೊಡ್ಡ ಕರುಳಿನ ಒಳಭಾಗವನ್ನು ಕ್ಯಾಮೆರಾ ಕೊಳವೆಯಿಂದ ಪರೀಕ್ಷಿಸುವಾಗ, ಮುಂದೆ ಕ್ಯಾನ್ಸರ್ ಆಗಬಹುದಾದ ಗಂಟುಗಳನ್ನು ಪತ್ತೆ ಮಾಡಲು ಕೃತಕ ಬುದ್ಧಿಮತ್ತೆಯ ನೆರವು ಪಡೆಯತೊಡಗಿದರು. ಆ ನೆರವಿಲ್ಲದೆ ಅವರೇ ಮಾಡಿದ ಪರೀಕ್ಷೆಗಳಲ್ಲಿ ಗಂಟು ಪತ್ತೆಯಾಗುವ ಪ್ರಮಾಣ, ಯಂತ್ರ ಬರುವ ಮೊದಲು ಶೇ. 28.4 ಇದ್ದದ್ದು ಬಂದ ಮೇಲೆ ಶೇ. 22.4ಕ್ಕೆ ಇಳಿದಿತ್ತೆಂದು 2025ರಲ್ಲಿ ವರದಿಯಾಯಿತು. ಇದು ಅವಲೋಕನದ ಅಧ್ಯಯನ, ಬೇರೆ ಕಾರಣಗಳೂ ಸೇರಿರಬಹುದು. ಆದರೂ ಸಾವಿರಾರು ಪರೀಕ್ಷೆ ಮಾಡಿದ ಕಣ್ಣೇ ಕೆಲವು ತಿಂಗಳಲ್ಲಿ ಸಡಿಲಾಗುವ ಸಾಧ್ಯತೆ ಇದ್ದರೆ, ನೋಡುವುದನ್ನೇ ಇನ್ನೂ ಕಲಿಯದ ಕಣ್ಣಿನ ಗತಿ ಏನೆಂದು ವೈದ್ಯಕೀಯ ಶಿಕ್ಷಕರು ಮಾತ್ರವಲ್ಲ, ಎಲ್ಲ ಶಿಕ್ಷಕರೂ ಯೋಚಿಸಬೇಕು.

ಕನ್ನಡದ ಮಟ್ಟಿಗೆ ಒಂದು ವಿಶೇಷ ಚಿಂತೆ ಇದೆ. ಕುಂದಾಪುರದ ಮಗು, ಕಲಬುರಗಿಯ ಮಗು, ಚಾಮರಾಜನಗರದ ಮಗು ತಂತಮ್ಮ ಮನೆಯ ಕನ್ನಡದಿಂದ ಬರಹದ ಕನ್ನಡಕ್ಕೆ ನಡೆದು ಬರುವಾಗ ದಾರಿಯಲ್ಲಿ ಎಡವುತ್ತವೆ, ಆ ಎಡವಿನಲ್ಲೇ ಭಾಷೆಗೆ ಹೊಸ ಕಸುವು ಸಿಗುತ್ತದೆ. ದೇವನೂರ ಮಹಾದೇವರ ‘ಕುಸುಮಬಾಲೆ’ಯಂಥ ಕೃತಿ ಬಂದದ್ದು ಮನೆಮಾತನ್ನು ಬಿಟ್ಟುಕೊಡದೆ ಬರಹಕ್ಕೆ ತಂದದ್ದರಿಂದ. ಮೊದಲ ವಾಕ್ಯವನ್ನೇ ಯಂತ್ರ ಕೊಟ್ಟರೆ ಆ ನಡಿಗೆಯೇ ನಡೆಯುವುದಿಲ್ಲ. ಎಲ್ಲರಿಗೂ ಒಗ್ಗುವ, ಯಾರದೂ ಅಲ್ಲದ, ಇಂಗ್ಲಿಷಿನ ನೆರಳು ಹೊತ್ತ ಕನ್ನಡವೊಂದು ಹತ್ತು ಜಿಲ್ಲೆಗಳ ನೋಟ್‌ಬುಕ್ಕಿನಲ್ಲಿ ಒಂದೇ ಸಮ ಕೂರುತ್ತದೆ.

ಹಾಗಾದರೆ ಮಾಡಬೇಕಾದದ್ದೇನು? ನಿಷೇಧದಲ್ಲಿ ನನಗೆ ನಂಬಿಕೆಯಿಲ್ಲ, ಕ್ರಮದಲ್ಲಿ ಇದೆ. ಮಗು ಮೊದಲು ತಾನು ಯತ್ನಿಸಲಿ, ಆಮೇಲೆ ಯಂತ್ರದ ಉತ್ತರ ನೋಡಲಿ, ಎರಡರ ನಡುವಿನ ವ್ಯತ್ಯಾಸವನ್ನು ತನ್ನ ಮಾತಿನಲ್ಲಿ ಹೇಳಲಿ. ಬರಹದ ಅಭ್ಯಾಸ ಮನೆಯಿಂದ ತರಗತಿಗೆ ಬರಲಿ. ಬರೆದು ತಂದದ್ದನ್ನು ಕುರಿತು ಶಿಕ್ಷಕರು ಎರಡು ಪ್ರಶ್ನೆ ಬಾಯಲ್ಲಿ ಕೇಳಲಿ. ಉತ್ತರ ಯಾರದು ಎಂದು ಅಲ್ಲೇ ಗೊತ್ತಾಗುತ್ತದೆ. ಬಳ್ಳಾರಿಯ ಶಾಲೆಗಳಂತೆ ಕಲಿತ ಮಗು ಇನ್ನೊಂದಕ್ಕೆ ಕಲಿಸುವ ಅವಧಿ ಇರಲಿ. ಇದಕ್ಕೆಲ್ಲ ಪುರುಸೊತ್ತು ಎಲ್ಲಿದೆ ಎಂದು ಶಿಕ್ಷಕರು ಕೇಳುತ್ತಾರೆ. ನಾನು ಕೇಳಿದ ಆಕ್ಷೇಪಗಳಲ್ಲಿ ನನಗೆ ಉತ್ತರ ಕೊಡಲು ಕಷ್ಟವಾದದ್ದು ಇದೊಂದೇ, ಏಕೆಂದರೆ ಅವರು ಹೇಳುವುದು ಸತ್ಯ. ವಿದ್ಯಾರ್ಥಿಗಳ ಮಾಹಿತಿ, ಬಿಸಿಯೂಟದ ಲೆಕ್ಕ, ಹಾಜರಿ, ತರಬೇತಿಯ ವಿವರ ಎಂದು ಒಂದೊಂದಕ್ಕೆ ಒಂದೊಂದು ಜಾಲತಾಣ ಅಥವಾ ಆ್ಯಪ್ ತೆರೆದು, ಸಿಗ್ನಲ್ ಸಿಗುವ ಜಾಗ ಹುಡುಕಿ, ಒಂದೇ ಅಂಕಿಯನ್ನು ಮತ್ತೆ ಮತ್ತೆ ತುಂಬುವುದರಲ್ಲಿ ಅವರ ದಿನ ಹರಿದುಹೋಗುತ್ತಿದೆ. ಫಲ ಹೊರಗಿರುವ ಶ್ರಮಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ, ಯಂತ್ರಕ್ಕೆ ಒಪ್ಪಿಸಬೇಕಾದ ಕೆಲಸವೂ ಇದೇ. ಒಮ್ಮೆ ತುಂಬಿದ ಮಾಹಿತಿ ಎಲ್ಲ ಕಚೇರಿಗಳಿಗೂ ತಾನಾಗಿ ಹೋಗುವಂತೆ ಮಾಡಲು ಬೇಕಾದ ಜಾಣ್ಮೆ ಈ ರಾಜ್ಯದ ರಾಜಧಾನಿಯಲ್ಲಿ ಬೇಕಾದಷ್ಟಿದೆ. ಮಕ್ಕಳಿಗಾಗಿ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಕೊಳ್ಳಲು ಹಣ ಎತ್ತಿಡುವ ಮೊದಲು ಶಿಕ್ಷಣ ಇಲಾಖೆ ಆ ಜಾಣ್ಮೆಯನ್ನು ಮೇಷ್ಟ್ರ ಮೇಜಿನ ಮೇಲಿನ ಈ ಹೊರೆ ಇಳಿಸಲು ಬಳಸಲಿ, ಹಾಗೆ ಉಳಿದ ಗಂಟೆಗಳನ್ನು ಮಕ್ಕಳ ಉತ್ತರವನ್ನು ಅವರ ಬಾಯಿಂದಲೇ ಕೇಳುವ ಅವಧಿಯೆಂದು ವೇಳಾಪಟ್ಟಿಯಲ್ಲಿ ಬರೆಯಲಿ.